ಅಮ್ಮನ್ನ ಕರ್ಕೊಂಡು ರೊವಾನಿಯೆಮಿಗೆ: ರಾತ್ರಿ ರೈಲು, ಮರದ ಮನೆ, ಮೈನಸ್ 27

ಜನವರಿ ಮೂರನೇ ವಾರ ನಾವು ನಾಲ್ಕು ಜನ, ನಾನು, ನಮ್ಮೆಜಮಾನ್ರು, ಐದು ವರ್ಷದ ಮಗಳು, ತೀರ್ಥಹಳ್ಳಿಯಿಂದ ಬಂದಿದ್ದ ಅಮ್ಮ, ಫಿನ್‌ಲ್ಯಾಂಡ್‌ನ ಲ್ಯಾಪ್‌ಲ್ಯಾಂಡ್ ಕಡೆ ರೊವಾನಿಯೆಮಿಗೆ ಹೋಗಿ ನಾಲ್ಕು ರಾತ್ರಿ ಇದ್ದು ಬಂದ್ವಿ. ನಾವಿರೋದು ಹೆಲ್ಸಿಂಕಿ ಪಕ್ಕ ಎಸ್ಪೋದಲ್ಲಿ. ಊರಿಂದ ಅಪ್ಪ ಅಮ್ಮ ಬಂದಾಗ ಅಷ್ಟು ಚಳಿಗೆ ವಯಸ್ಸಾದವರನ್ನ ಹೇಗಪ್ಪಾ ಕರ್ಕೊಂಡು ಹೋಗೋದು ಅಂತ ಹೆದರಿ ಬಿಟ್ಬಿಡೋರಿಗೋಸ್ಕರ ಇದನ್ನ ಬರೀತಿದೀನಿ. ಅಮ್ಮಂಗೆ 64, ಮಂಡಿ ನೋವು ಬೇರೆ. ಧೈರ್ಯವಾಗಿ ಕರ್ಕೊಂಡು ಹೋಗಿ, ಆದ್ರೆ ದಿನಕ್ಕೆ ಒಂದೇ ಕೆಲಸ ಇಟ್ಕೊಳ್ಳಿ, ಎರಡನೇದು ಬೇಡವೇ ಬೇಡ.

ಮೊದಲು ರೈಲು. ಇಲ್ಲಿನ ಸರ್ಕಾರಿ ರೈಲು ಕಂಪನಿ ವಿಆರ್ ಅವರ ರಾತ್ರಿ ರೈಲು ಸಾಯಂಕಾಲ ಹೆಲ್ಸಿಂಕಿ ಬಿಟ್ರೆ ಸುಮಾರು 12 ಗಂಟೆ ಪ್ರಯಾಣ, ಬೆಳಿಗ್ಗೆ ರೊವಾನಿಯೆಮಿ. ವಿಮಾನದಲ್ಲಿ ಒಂದೂವರೆ ಗಂಟೆ ಅಷ್ಟೇ, ಆದ್ರೂ ಮಗು ಮತ್ತು ದೊಡ್ಡೋರು ಜೊತೆಗಿದ್ರೆ ನಾನು ರೈಲೇ ಅಂತೀನಿ. ಡಬ್ಬಲ್ ಡೆಕ್ಕರ್ ಬೋಗಿ, ಒಂದೊಂದು ಕ್ಯಾಬಿನ್‌ನಲ್ಲಿ ಮೇಲೊಂದು ಕೆಳಗೊಂದು ಹಾಸಿಗೆ, ಮೇಲಿನ ಅಂತಸ್ತಿನ ಕ್ಯಾಬಿನ್‌ಗೆ ಒಳಗೇ ಟಾಯ್ಲೆಟ್ಟು ಶವರ್ರು ಇರುತ್ತೆ, ಕೆಳಗಿನದಕ್ಕೆ ಇರಲ್ಲ, ಕಾರಿಡಾರ್‌ಗೆ ಹೋಗ್ಬೇಕು. ಅಮ್ಮಂಗೆ ರಾತ್ರಿ ಎರಡು ಸಲ ಏಳೋ ಅಭ್ಯಾಸ, ಹಂಗಾಗಿ ಮೇಲಿನದ್ದೇ ತಗೊಂಡ್ವಿ, ಮೆಟ್ಟಿಲು ಸ್ವಲ್ಪ ಇಕ್ಕಟ್ಟು, ಸೂಟ್‌ಕೇಸ್ ಎತ್ಕೊಂಡು ಹತ್ತೋವಾಗ ಮಾತ್ರ ಕಷ್ಟ ಆಯ್ತು. ಒಳಗೆ ಬೆಚ್ಚಗೆ, ಹೊದಿಕೆ ಶುಭ್ರ. ಅಮ್ಮ ಕಿಟಕಿ ಪಕ್ಕ ಕೂತು ಚಪಾತಿ ಚಟ್ನಿಪುಡಿ ಬಿಚ್ಚಿದ್ರು, ಮಗಳು ಮೇಲಿನ ಹಾಸಿಗೆಯಿಂದ ತಲೆ ಕೆಳಗೆ ಹಾಕಿ ತಿಂದ್ಳು. ಬೆಳಿಗ್ಗೆ ಎದ್ದು ನೋಡಿದ್ರೆ ಹೊರಗೆಲ್ಲಾ ನೀಲಿ, ಹಿಮ ಹೊತ್ತು ಬಗ್ಗಿರೋ ಮರಗಳು. ರೈಲಿಗೆ ನನ್ ಕಡೆಯಿಂದ ಐದಕ್ಕೆ ಐದು, ಟಿಕೆಟ್ ಮಾತ್ರ ಬೇಗ ಮಾಡಿ, ತಡ ಮಾಡಿದಷ್ಟೂ ರೇಟು ಏರುತ್ತೆ.

ಉಳ್ಕೊಂಡಿದ್ದು ಹೋಟೆಲಲ್ಲಲ್ಲ, ಊರಾಚೆ ಒಂದು ಮೊಕ್ಕಿ, ಅಂದ್ರೆ ಮರದ ಬಾಡಿಗೆ ಮನೆ, ಅಡುಗೆಮನೆ ಮತ್ತೆ ಸೌನಾ (ಬಿಸಿ ಕಲ್ಲಿನ ಹಬೆ ಕೋಣೆ) ಇರೋದು. ಸಸ್ಯಾಹಾರಿಗಳಿಗೆ ಅಡುಗೆಮನೆ ಬೇಕೇ ಬೇಕು ಕಣ್ರೀ, ಆ ಕಡೆ ಊಟ ಅಂದ್ರೆ ಹಿಮಸಾರಂಗದ ಮಾಂಸ ಇಲ್ಲಾ ಸಾಲ್ಮನ್. ಅಕ್ಕಿ, ಪುಳಿಯೋಗರೆ ಗೊಜ್ಜು ಹೊತ್ಕೊಂಡು ಹೋಗಿದ್ವಿ, ಮಿಕ್ಕಿದ್ದು ಅಲ್ಲೇ ಅಂಗಡಿಯಲ್ಲಿ ಸಿಗ್ತು. ಟರ್ಕಿಶ್ ಯೋಗರ್ಟ್ ಅಂತ ಬರುತ್ತಲ್ಲ, ಅದಕ್ಕೆ ಸ್ವಲ್ಪ ನೀರು ಕಲಸಿದ್ರೆ ಮೊಸರನ್ನಕ್ಕೆ ಏ ಒನ್. ಕರೇಲಿಯನ್ ಪಾಯ್ ಅಂತ ಇಲ್ಲಿ ಎಲ್ಲಾ ಕಡೆ ಸಿಗೋ ತಿಂಡಿ ಇದೆ, ರೈ ಹಿಟ್ಟಿನ ತೆಳು ಹಾಳೆ ಒಳಗೆ ಹಾಲಲ್ಲಿ ಬೇಯ್ಸಿದ ಅನ್ನ, ಬಿಸಿ ಮಾಡಿ ಮಿಡಿ ಉಪ್ಪಿನಕಾಯಿ ಇಟ್ಕೊಂಡು ಅಮ್ಮ ದಿನಾ ಎರಡು ತಿಂದ್ರು. ಅದರ ಮೇಲೆ ಹಚ್ಚೋ ಬೆಣ್ಣೆಯಲ್ಲಿ ಮೊಟ್ಟೆ ಕಲಸಿರ್ತಾರೆ, ಬೇಡ ಅನ್ನೋರು ಅದನ್ನ ತಗೋಬೇಡಿ.

ಸೌನಾ ಬಗ್ಗೆ ಅಮ್ಮಂಗೆ ಮೊದಲು ಸಂಕೋಚ. ಮೊದಲನೇ ದಿನ ಒಳಗೆ ಬಂದು, ಕಲ್ಲಿನ ಮೇಲೆ ನಾನು ಒಂದು ಸೌಟು ನೀರು ಹಾಕಿದಾಗ ಭುಸ್ ಅಂತ ಆವಿ ಎದ್ದು ಬೆನ್ನು ಸುತ್ಕೊಂಡಾಗ, ಕಣ್ಮುಚ್ಕೊಂಡು 'ನಮ್ಮ ಬಚ್ಚಲೊಲೆ ಕಣೇ ಇದು' ಅಂದ್ರು. ಮಳೆಗಾಲದಲ್ಲಿ ಹಂಡೆ ನೀರು ಕುದಿಸಿ ಬಚ್ಚಲಿನ ಹಬೆಯಲ್ಲಿ ಕೂತು ಬೆಳೆದೋರಿಗೆ ಇದನ್ನ ಹೇಳ್ಕೊಡೋದೇ ಬೇಡ. ನಾಲ್ಕೂ ದಿನ ಸೌನಾ ಆಯ್ತು, ಮಂಡಿ ಬಗ್ಗೆ ಮಾತೇ ಇಲ್ಲ. ಬಿಪಿ ಹಾರ್ಟು ತೊಂದ್ರೆ ಇರೋರು ಡಾಕ್ಟರ್ ಕೇಳಿನೇ ಹೋಗಿ, ಕೆಳಗಿನ ಮೆಟ್ಟಿಲಲ್ಲಿ ಕೂತ್ರೆ ಬಿಸಿ ಕಡಿಮೆ.

ಬಟ್ಟೆ ವಿಷಯದಲ್ಲಿ ತಪ್ಪು ನಂದೇ. ಅಮ್ಮನ ಕಾಲು ಬೆಚ್ಚಗಿರ್ಲಿ ಅಂತ ಎರಡು ಜೊತೆ ಸಾಕ್ಸ್ ಹಾಕ್ಸಿ ಬೂಟೊಳಗೆ ತುರುಕಿಸಿದ್ದೆ, ಹತ್ತು ನಿಮಿಷಕ್ಕೆ ಬೆರಳು ಮರಗಟ್ಟಿ ಹೋದ್ವು, ಪಾಪ ಹೇಳ್ಕೊಳ್ಳಲೂ ಇಲ್ಲ ಅವ್ರು, ಮನೆಗೆ ಬಂದು ಬಿಚ್ಚಿದಾಗ ನೋಡಿ ಅಳು ಬಂತು. ಬೂಟು ಬಿಗಿಯಾದ್ರೆ ರಕ್ತ ಓಡಲ್ಲ, ಒಳಗೆ ಗಾಳಿಗೆ ಜಾಗ ಇದ್ರೇನೇ ಬೆಚ್ಚಗಿರೋದು. ಮಾರನೇ ದಿನ ನನ್ನ ಒಂದು ಸೈಜ್ ದೊಡ್ಡ ಬೂಟು, ಒಂದೇ ಜೊತೆ ದಪ್ಪ ಉಣ್ಣೆ ಸಾಕ್ಸ್, ಸರಿ ಹೋಯ್ತು. ಮೈಗೆ ತಾಗೋ ಬಟ್ಟೆ ಹತ್ತಿದು ಬೇಡ, ಬೆವರು ಹೀರಿ ಒದ್ದೆಯಾಗೇ ಇರುತ್ತೆ, ಮೆರಿನೋ ಉಣ್ಣೆದು ಕೊಂಡ್ಕೊಳ್ಳಿ. ಮಗಳ ರೇಯ್ಮಾ ಬ್ರ್ಯಾಂಡಿನ ಓವರಾಲ್ (ಮೈಪೂರ್ತಿ ಮುಚ್ಚೋ ಚಳಿ ಬಟ್ಟೆ) ನಾವು ಎಸ್ಪೋದಲ್ಲೇ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಅವಳೊಬ್ಬಳಿಗೆ ಒಂದು ದಿನಾನೂ ಚಳಿ ಆಗಿಲ್ಲ.

ಸಾಂಟಾ ಕ್ಲಾಸ್ ವಿಲೇಜು ಊರಿಂದ 8 ಕಿಲೋಮೀಟರು, 8ನೇ ನಂಬರ್ ಬಸ್ಸು ಹೋಗುತ್ತೆ. ಆರ್ಕ್‌ಟಿಕ್ ವೃತ್ತದ ಗೆರೆ ಅಂತ ಅಲ್ಲೇ ಗುರುತು ಹಾಕಿದಾರೆ. 1950ರಲ್ಲಿ ಅಮೆರಿಕದ ಹಿಂದಿನ ಅಧ್ಯಕ್ಷರ ಹೆಂಡತಿ ಎಲಿನಾರ್ ರೂಸ್‌ವೆಲ್ಟ್ ಬರ್ತಾರೆ ಅಂತ ಆತುರಾತುರವಾಗಿ ಒಂದು ಮರದ ಮನೆ ಕಟ್ಟಿದ್ರಂತೆ, ಅಲ್ಲಿಂದ ಶುರುವಾದ ಜಾಗ ಇದು, ವಿಲೇಜ್ ಅಂತ ಆಗಿದ್ದು 1985ರಲ್ಲಿ. ಒಳಗೆ ಹೋಗೋಕೆ ದುಡ್ಡಿಲ್ಲ, ಸಾಂಟಾ ನೋಡೋಕೂ ಇಲ್ಲ, ಅವರು ತೆಗೆಯೋ ಫೋಟೋ ಬೇಕಂದ್ರೆ ಮಾತ್ರ ದುಬಾರಿ. ಡಿಸೆಂಬರ್‌ನಲ್ಲಿ ಗಂಟೆಗಟ್ಟಲೆ ಕ್ಯೂ ಅಂತ ಕೇಳಿದ್ದೆ, ಜನವರಿಯಲ್ಲಿ ನಮಗೆ ಇಪ್ಪತ್ತೇ ನಿಮಿಷ. ಪೋಸ್ಟಾಫೀಸು ತಪ್ಪಿಸ್ಬೇಡಿ. ಕೆಂಪು ಡಬ್ಬಿಗೆ ಹಾಕಿದ ಕಾರ್ಡು ಮುಂದಿನ ಕ್ರಿಸ್‌ಮಸ್‌ಗೆ ತಲುಪುತ್ತೆ, ಮಗಳು ಅಜ್ಜಂಗೆ ಒಂದು ಹಾಕಿದಾಳೆ.

ಹಿಮಸಾರಂಗದ ಗಾಡಿ ಸವಾರಿ ಅರ್ಧ ಕಿಲೋಮೀಟರ್ ಅಷ್ಟೇ, ಅಮ್ಮನಂಥೋರಿಗೆ ಅದೇ ಸರಿ. ಹಿಮದಲ್ಲಿ ಬೇರೆ ಸದ್ದೇ ಇಲ್ಲ, ಅದು ಹೆಜ್ಜೆ ಇಟ್ಟಾಗೆಲ್ಲ ಕಾಲಿಂದ ಟಿಕ್ ಟಿಕ್ ಅಂತ ಸಣ್ಣ ಸದ್ದು, ಪಾದದ ಸ್ನಾಯುರಜ್ಜು (ಟೆಂಡನ್) ಮೂಳೆ ಮೇಲೆ ಜಾರಿದಾಗ ಬರೋದಂತೆ. ಮಗಳು ಅದನ್ನ ಕೇಳೋಕೆ ಅಂತಾನೇ ಉಸಿರು ಬಿಗಿ ಹಿಡ್ಕೊಂಡು ಕೂತಿದ್ಳು.

ಬೇಜಾರಾಗಿದ್ದು ಅರೋರಾ, ಅಂದ್ರೆ ರಾತ್ರಿ ಆಕಾಶದಲ್ಲಿ ಕಾಣೋ ಬಣ್ಣದ ಬೆಳಕು, ಅದನ್ನ ತೋರ್ಸೋ ಟೂರು. ಕಂಪನಿ ಹೆಸರು ಬೇಡ. ಸಂಜೆಯಿಂದಲೇ ಮೋಡ ಮುಚ್ಚಿತ್ತು, ಫೋನ್ ಮಾಡಿ ಕೇಳಿದ್ರೆ ಚಾನ್ಸ್ ಚೆನ್ನಾಗಿದೆ ಬನ್ನಿ ಅಂದ್ರು, ಮೂರು ಗಂಟೆ ರೋಡ್ ಪಕ್ಕ ನಿಲ್ಲಿಸಿದ್ರು, ಮಗುಗೆ ಓವರಾಲ್ ಕೊಡ್ತೀವಿ ಅಂದಿದ್ದೋರು ದೊಡ್ಡೋರದ್ದು ಕೊಟ್ರು, ದುಡ್ಡು ವಾಪಸ್ ಇಲ್ಲ. ದುಡ್ಡಿಗಿಂತ, ನಿದ್ದೆಗಣ್ಣಲ್ಲಿ ನಡುಗ್ತಿದ್ದ ಮಗುನ ನೋಡಿ ಹೊಟ್ಟೆ ಉರೀತು. ಮೋಡ ಇದ್ರೆ ಏನು ಹಣೆಬರಹ ಅಂತ ಗೊತ್ತಿದ್ದೂ ಕರೆಸ್ಕೋಬಾರ್ದು. ಬುಕ್ ಮಾಡೋವಾಗಲೇ ಮೋಡ ಇದ್ರೆ ಏನ್ ಮಾಡ್ತೀರಿ ಅಂತ ಬರವಣಿಗೆಯಲ್ಲಿ ಕೇಳಿ.

ಮಧ್ಯದ ಒಂದು ದಿನ ಆರ್ಕ್‌ಟಿಕುಮ್ ಮ್ಯೂಸಿಯಂ. 172 ಮೀಟರ್ ಉದ್ದದ ಗಾಜಿನ ಸುರಂಗದಂಥ ಕಟ್ಟಡ, ಬೆಚ್ಚಗಿರುತ್ತೆ, ಕೂರೋಕೆ ಜಾಗ ಇದೆ. 1944ರಲ್ಲಿ ಜರ್ಮನ್ ಸೈನ್ಯ ವಾಪಸ್ ಹೋಗೋವಾಗ ಊರನ್ನೇ ಸುಟ್ಟು ಹೋಗಿತ್ತು, ಮುಂಚಿನ ಊರು ಮತ್ತೆ ಸುಟ್ಟ ಊರು ಎರಡರದ್ದೂ ಮಾಡೆಲ್ ಅಕ್ಕಪಕ್ಕ ಇಟ್ಟಿದಾರೆ. ಎರಡನೇದರಲ್ಲಿ ಬರೀ ಹೊಗೆಗೂಡು ನಿಂತಿರೋದು. ಅಮ್ಮ ಅದರ ಮುಂದೆ ತುಂಬಾ ಹೊತ್ತು ನಿಂತಿದ್ರು.

ಮಕ್ಕಳಿಗೆ ಮೊದಲೇ ಹೇಳಿಡಿ, ಅಷ್ಟು ಚಳಿಯಲ್ಲಿ ಹಿಮದ ಗೊಂಬೆ ಮಾಡೋಕಾಗಲ್ಲ, ಹುರಿದ ರವೆ ಥರ ಉದುರಿ ಹೋಗುತ್ತೆ, ಉಂಡೆ ಕಟ್ಟಲ್ಲ. ನಮ್ಮೋಳು ಅತ್ತೂ ಅತ್ತೂ ಆಮೇಲೆ ಪ್ಲಾಸ್ಟಿಕ್ ಪುಲ್ಕ (ಹಿಮದಲ್ಲಿ ಜಾರೋ ಸಣ್ಣ ಗಾಡಿ) ಮೇಲೆ ಕೂತು ಮನೆ ಹಿಂದಿನ ದಿಬ್ಬದಿಂದ ಜಾರಿದ್ದೇ ಜಾರಿದ್ದು.

ಕೊನೇ ರಾತ್ರಿ ಮೈನಸ್ 27, ಆಕಾಶ ಪೂರ್ತಿ ತೊಳೆದ ಹಾಗೆ. ಅರೋರಾ ಅವತ್ತೂ ಬರ್ಲಿಲ್ಲ. ಸೌನಾ ಬಿಸಿ ಮೈಯಲ್ಲಿರೋವಾಗ್ಲೇ ಎಲ್ಲಾ ಬಟ್ಟೆ ಸುತ್ಕೊಂಡು ಅಂಗಳದಲ್ಲಿ ಹತ್ತು ನಿಮಿಷ ನಿಂತ್ವಿ. ಅಮ್ಮ ಸಪ್ತರ್ಷಿ ಮಂಡಲ ಹುಡುಕಿ, ಅದರ ಗೆರೆ ಹಿಡಿದು ಧ್ರುವ ನಕ್ಷತ್ರ ತೋರ್ಸೋಕೆ ಹೋದ್ರೆ ಕೈ ಮೇಲಕ್ಕೆ ಮೇಲಕ್ಕೆ ಹೋಗ್ತಾನೇ ಇದೆ. ನಮ್ಮೂರಲ್ಲಿ ಅದು ಉತ್ತರಕ್ಕೆ ತೋಟದ ಅಡಿಕೆ ಮರದ ಹಿಂದೆ ಎಲ್ಲೋ ಕೆಳಗಿರುತ್ತೆ, ಕಾಣೋದೇ ಅಪರೂಪ, ಇಲ್ಲಿ ಹೆಚ್ಚುಕಮ್ಮಿ ನೆತ್ತಿ ಹತ್ರ. ಅಮ್ಮ ಮೊಮ್ಮಗಳನ್ನ ಸೊಂಟಕ್ಕೆ ಒತ್ಕೊಂಡು ಅಲ್ಲೇ ನಿಂತು ಧ್ರುವನ ಕಥೆ ಶುರು ಮಾಡಿದ್ರು, ರೆಪ್ಪೆ ಮೇಲೆಲ್ಲಾ ಬಿಳಿ ಮಂಜು ಕೂತಿತ್ತು, ಅಪ್ಪನ ತೊಡೆಯಿಂದ ಅವನನ್ನ ಇಳಿಸೋ ಜಾಗ ಬಂದಾಗ ಮಗಳು 'ಅಜ್ಜೀ ಒಳಗೆ ಹೋಗಿ ಹೇಳು, ನಿಂಗೆ ಚಳಿ ಆಗುತ್ತೆ' ಅಂದ್ಳು.