ಕೈಕೆಲಸದ ಮ್ಯಾಂಡೊಲಿನ್ ಮಾಡಿಸುವವರು ಮುಂಗಡ ಕೊಡುವ ಮೊದಲು ಓದಿ

ಐರಿಷ್ ಜನಪದ ಸಂಗೀತಕ್ಕೆಂದೇ ಮ್ಯಾಂಡೊಲಿನ್ ಮಾಡಿಸಿಕೊಳ್ಳಲು ಹೊರಟ ಕನ್ನಡಿಗರು ಡಬ್ಲಿನ್ನಿನಲ್ಲಿ ಎಷ್ಟು ಮಂದಿ ಇದ್ದಾರೋ ಕಾಣೆ. ಒಬ್ಬರಿದ್ದರೂ ನನಗಾದದ್ದು ಅವರಿಗೆ ಆಗದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೈಸೂರಿನಲ್ಲಿ ಪಿಟೀಲು ಕಲಿತ ನನಗೆ, ಇಲ್ಲಿನ ಪಬ್ಬುಗಳಲ್ಲಿ ಸುತ್ತ ಕುಳಿತು ಜಿಗ್, ರೀಲ್ ಎಂಬ ಕುಣಿತದ ಮಟ್ಟುಗಳನ್ನು ನುಡಿಸುವವರ ನಡುವೆ ಕೂರುವ ಆಸೆ ಹುಟ್ಟಿತು. ಊರಿನಲ್ಲಿ ಮ್ಯಾಂಡೊಲಿನ್ ಎಂದರೆ ಯು. ಶ್ರೀನಿವಾಸ್ ಅವರ ವಿದ್ಯುತ್ ವಾದ್ಯವೇ ನೆನಪಿಗೆ ಬರುತ್ತದೆ. ಇಲ್ಲಿಯದು ನಾಲ್ಕು ಜೋಡಿ ತಂತಿಗಳ, ಪಾಶ್ಚಾತ್ಯ ಪಿಟೀಲಿನಂತೆ ಜಿ, ಡಿ, ಎ, ಇ ಎಂದು ಶ್ರುತಿ ಮಾಡುವ ವಾದ್ಯ. ತಯಾರಕರು ಮೇಲ್ಹಲಗೆಗೆ ಸ್ಪ್ರೂಸ್ ಮರ, ಬೆರಳುಹಲಗೆಗೆ ಪಶ್ಚಿಮ ಘಟ್ಟದ ಬೀಟೆ ಎಂದರು. ಬೀಟೆ ಎಂದ ಕೂಡಲೇ ಕರಗಿಹೋದ ನಾನು, ಆ ಮರ ಎಷ್ಟು ಕಾಲ ಒಣಗಿದೆ ಎಂದು ಕೇಳದೆ 1,800 ಯೂರೊ ಪೂರ್ತಿಯಾಗಿ ಮುಂಗಡವಾಗಿ ಕಳುಹಿಸಿದೆ.

ವಾದ್ಯ ಬಂದದ್ದು ಅಕ್ಟೋಬರಿನಲ್ಲಿ. ನವೆಂಬರಿನಲ್ಲಿ ಮನೆಯ ಹೀಟರ್ ಹಚ್ಚಿದ ಎರಡು ವಾರಕ್ಕೆ ಬೆರಳುಹಲಗೆಗೆ ಅಡ್ಡಲಾಗಿ ಕೂರಿಸಿದ ಫ್ರೆಟ್ ಎಂಬ ಲೋಹದ ಪಟ್ಟಿಗಳ ತುದಿ ಬೆರಳಿಗೆ ಚುಚ್ಚತೊಡಗಿತು. ಹಸಿ ಮರ ಒಣಗುತ್ತ ಅಡ್ಡಕ್ಕೆ ಕುಗ್ಗುತ್ತದೆ, ಲೋಹದ ಫ್ರೆಟ್ ಕುಗ್ಗುವುದಿಲ್ಲ, ಹಾಗಾಗಿ ಅದರ ತುದಿ ಹೊರಗೆ ಬರುತ್ತದೆ. ಎಂಟು ತಂತಿಗಳ ಒಟ್ಟು ಎಳೆತ ಸುಮಾರು 70 ರಿಂದ 80 ಕೆ.ಜಿ. ಇರುವುದರಿಂದ ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯ ಕೆಳಗಿನ ಮೇಲ್ಹಲಗೆಯೂ ತಗ್ಗಿ, ಡಿಸೆಂಬರಿನ ಹೊತ್ತಿಗೆ ನಾದರಂಧ್ರದ ಪಕ್ಕದಲ್ಲಿ ಮರದ ನಾರಿನುದ್ದಕ್ಕೂ ಬಿರುಕು ಬಿಟ್ಟಿತು. ಕೋಣೆಯ ತೇವಾಂಶ ಶೇಕಡಾ 45 ರಿಂದ 55 ರಷ್ಟಿರುವಂತೆ ನಾನು ನೋಡಿಕೊಳ್ಳಲಿಲ್ಲ ಎಂಬುದು ನಿಜ. ಆದರೆ ಚೆನ್ನಾಗಿ ಒಣಗಿಸಿದ ಮರ ಒಂದೇ ಚಳಿಗಾಲಕ್ಕೆ ಹೀಗಾಗುವುದಿಲ್ಲ ಎಂದು ದುರಸ್ತಿ ಮಾಡುವವರು ಹೇಳಿದರು.

ಅವರ ಬಳಿ ಇನ್ನೊಂದು ದೋಷವೂ ಹೊರಬಿತ್ತು. ಏಳನೆಯ ಫ್ರೆಟ್‌ನಲ್ಲಿ ಜಿ ತಂತಿಯನ್ನು ಒತ್ತಿದರೆ ಪಕ್ಕದ ಡಿ ತಂತಿಯ ಸ್ವರವೇ ಕೇಳಬೇಕು. ನನ್ನದರಲ್ಲಿ ಎರಡೂ ಜಗಳವಾಡುತ್ತಿದ್ದವು. ಕುದುರೆಯನ್ನು ಸರಿಸಿ ಹನ್ನೆರಡನೆಯ ಫ್ರೆಟ್ಟನ್ನು ಶ್ರುತಿಗೆ ತಂದರೂ ಏಳನೆಯದು ಅಪಸ್ವರವಾಗಿಯೇ ಉಳಿಯಿತು, ಅಂದರೆ ಫ್ರೆಟ್ ಕೂರಿಸುವ ಗೀರನ್ನೇ ತಪ್ಪು ಜಾಗದಲ್ಲಿ ಕೊರೆಯಲಾಗಿತ್ತು. ಪಿಟೀಲಿನಲ್ಲಾದರೆ ಬೆರಳನ್ನು ಕೂದಲೆಳೆಯಷ್ಟು ಸರಿಸಿಕೊಳ್ಳಬಹುದಿತ್ತು, ಇಲ್ಲಿ ಅದಕ್ಕೆ ದಾರಿಯಿಲ್ಲ. ತಯಾರಕರು ಮೊದಲು ಕಳುಹಿಸಿದ್ದ ವಿಡಿಯೊವನ್ನು ಮತ್ತೆ ನೋಡಿದಾಗ, ಅವರು ನುಡಿಸಿದ್ದು ಮೊದಲ ಐದು ಫ್ರೆಟ್‌ಗಳಲ್ಲೇ ಮುಗಿಯುವ ಜಿಗ್ ಎಂಬುದು ಕಂಡಿತು. ನೀವಾದರೆ ಹಣ ಕೊಡುವ ಮೊದಲೇ ನಾಲ್ಕೂ ಜೋಡಿ ತಂತಿಗಳನ್ನು ಹನ್ನೆರಡನೆಯ ಫ್ರೆಟ್‌ನವರೆಗೆ ಒಂದೊಂದಾಗಿ ನುಡಿಸಿ ತೋರಿಸಲು ಕೇಳಿ.

ದೂರು ಹೇಳಿದಾಗ, "ನಿಮಗೆಂದೇ ಮಾಡಿದ ವಾದ್ಯ, ಹಿಂತಿರುಗಿಸುವಂತಿಲ್ಲ" ಎಂಬ ಉತ್ತರ ಬಂತು, ನಾನದನ್ನು ಮೂರು ತಿಂಗಳು ನಂಬಿದೆ. ಕಾರಣ ಹೇಳದೆ 14 ದಿನದೊಳಗೆ ಖರೀದಿಯನ್ನು ರದ್ದು ಮಾಡುವ ಯುರೋಪಿನ ನಿಯಮ ಹೇಳಿ ಮಾಡಿಸಿದ ವಸ್ತುವಿಗೆ ಅನ್ವಯಿಸದು ಎಂಬುದು ಸರಿ. ಆದರೆ ದೋಷವಿರುವ ವಸ್ತುವಿನ ಬಗ್ಗೆ ಗ್ರಾಹಕನಿಗಿರುವ ಹಕ್ಕು ಬೇರೆ, ಅದು ಇದರಿಂದ ಹೋಗುವುದಿಲ್ಲ. ಐರ್ಲೆಂಡಿನಲ್ಲಿ 2,000 ಯೂರೊವರೆಗಿನ ಇಂಥ ತಕರಾರನ್ನು 25 ಯೂರೊ ಶುಲ್ಕ ಕಟ್ಟಿ, ವಕೀಲರಿಲ್ಲದೆ, ಸಣ್ಣ ಮೊತ್ತದ ದಾವೆಯಾಗಿ ಜಿಲ್ಲಾ ನ್ಯಾಯಾಲಯದ ಕಚೇರಿಗೆ ಸಲ್ಲಿಸಬಹುದು. ದುರಸ್ತಿ ಮಾಡುವವರು ಬರೆದುಕೊಟ್ಟ ವರದಿ, ಬಿರುಕಿನ ಚಿತ್ರಗಳು ಮತ್ತು ಆ ವಿಡಿಯೊ, ಈ ಮೂರನ್ನೂ ಸೇರಿಸಿ ಕಳೆದ ವಾರ ನನ್ನ ಅರ್ಜಿಯನ್ನು ಸಲ್ಲಿಸಿದ್ದೇನೆ.