80, 50, 150: ಹ್ಯಾಸಲ್‌ಬ್ಲಾಡ್‌ಗೆ ಮೊದಲ ಲೆನ್ಸ್ ಯಾವುದು?

ಹ್ಯಾಸಲ್‌ಬ್ಲಾಡ್ ಕಂಪನಿಯ ಹಳೇ ಫಿಲ್ಮ್ ಕ್ಯಾಮೆರಾ 500ಸಿ/ಎಂ, ಅದರ ಬಾಡಿ ಮಾತ್ರ ಸಿಕ್ಕಿದೆ, ದುಡ್ಡಿರೋದು ಒಂದೇ ಲೆನ್ಸ್‌ಗೆ, ಯಾವುದು ತಗೊಳ್ಳಲಿ ಅಂತ ಕೇಳಿದ್ದೀರಿ. 6x6 (ಸುಮಾರು ಆರು ಸೆಂ.ಮೀ. ಚೌಕದ) ಫಿಲ್ಮ್‌ನಲ್ಲಿ 80 ಎಂಎಂ ಅಂದರೆ ಹೆಚ್ಚುಕಡಿಮೆ ಕಣ್ಣಿಗೆ ಕಂಡಷ್ಟೇ. 50 ವಿಶಾಲ, 150 ಮುಖಚಿತ್ರಕ್ಕೆ.

ಬೆಳಕಿನ ವಿಷಯದಲ್ಲಿ 80 ಮುಂದು. ಅದು ಎಫ್/2.8, ಉಳಿದೆರಡೂ ಸಾಮಾನ್ಯವಾಗಿ ಎಫ್/4; ಈ ಅಂಕಿ ಚಿಕ್ಕದಾದಷ್ಟೂ ಬೆಳಕು ಜಾಸ್ತಿ. ಕೆ.ಆರ್. ಮಾರುಕಟ್ಟೆಯ ಹೂವಿನ ಸಾಲಲ್ಲಿ ಬೆಳಗಿನ ಜಾವ ಆ ಒಂದು ಸ್ಟಾಪ್, ಅಂದರೆ ಎರಡು ಪಟ್ಟು ಬೆಳಕು, ದೊಡ್ಡದು. 150 ಕೈಯಲ್ಲೇ ಹಿಡಿದರೆ 1/250 ಸೆಕೆಂಡಿನ ಶಟರ್ ವೇಗ ಬೇಕು, ಮಬ್ಬಿನಲ್ಲಿ ಅದು ಸಿಗಲ್ಲ. ಆದರೆ ಕಬ್ಬನ್ ಪಾರ್ಕ್‌ನ ಮರದಡಿ ಗೆಳೆಯರ ಮುಖ ತೆಗೆಯೋದೇ ಆಸೆಯಾದರೆ 150 ತಗೊಳ್ಳಿ. 80ಕ್ಕಿಂತ ಅಗ್ಗಕ್ಕೆ ಸಿಗೋದೂ ಉಂಟು. ಬಸವನಗುಡಿಯ ಹಳೇ ಮನೆಗಳು, ಇಕ್ಕಟ್ಟು ಒಳಾಂಗಣ ಅಂದರೆ ಮಾತ್ರ 50. ತೂಕ ಜಾಸ್ತಿ, ಚೌಕದೊಳಗೆ ಬೇಡದ್ದೆಲ್ಲ ನುಗ್ಗುತ್ತೆ. ಕಲಿಯುವವರಿಗೆ ನಾನು ಕೊಡಲ್ಲ.

ಬಾಳಿಕೆಯಲ್ಲಿ ಮೂರೂ ಒಂದೇ, ಪ್ರತಿ ಲೆನ್ಸ್‌ಗೂ ಅದರದ್ದೇ ಶಟರ್. ಕೊಳ್ಳುವಾಗ ಶಟರನ್ನು ಒಂದು ಸೆಕೆಂಡಿಗೆ ಇಟ್ಟು ಒತ್ತಿ, ಸದ್ದು ಕೇಳಿ. ಎಳೆದಾಡಿದರೆ ಸರ್ವಿಸ್ ಖರ್ಚನ್ನೂ ಬೆಲೆಗೆ ಸೇರಿಸಿಕೊಳ್ಳಿ. ಟಾರ್ಚ್ ಬಿಟ್ಟು ಗಾಜಿನೊಳಗೆ ಜೇಡರ ಬಲೆಯಂಥ ಎಳೆ ಇದೆಯಾ ನೋಡಿ. ಅದು ಫಂಗಸ್, ನಮ್ಮೂರ ಮಳೆಗಾಲ ಅದಕ್ಕೆ ಬಲು ಇಷ್ಟ. ಇಂಥದ್ದು 80ರಲ್ಲಿದ್ದು 150 ಶುದ್ಧವಾಗಿದ್ದರೆ, 150ನ್ನೇ ಎತ್ತಿಕೊಳ್ಳಿ.