ಕರುಳಿನ ಕಾಯಿಲೆ ಇದ್ದವರ ಹೊಟ್ಟೆಗೆ ಪೆಟ್ಟು ಬಿದ್ದಾಗ "ಗ್ಯಾಸ್" ಅಂದರೆ ನಂಬಬೇಡಿ

ಕಲಬುರಗಿ, ಯಾದಗಿರಿ ಕಡೆ ಯಾರ ಮನೆಯಲ್ಲಾದರೂ ಕ್ರೋನ್ಸ್ ಅಥವಾ ಅಲ್ಸರೇಟಿವ್ ಕೊಲೈಟಿಸ್ (ಎರಡೂ ಕರುಳಿನಲ್ಲಿ ಉರಿಯೂತ ಉಳಿದುಕೊಳ್ಳುವ ದೀರ್ಘಕಾಲದ ಕಾಯಿಲೆಗಳು) ಇದ್ದವರಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ.

ನಮ್ಮ ಹುಡುಗನಿಗೆ ಕ್ರೋನ್ಸ್. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಗುಳಿಗೆ 30 ಮಿ.ಗ್ರಾಂ, ಜೊತೆಗೆ ರೋಗನಿರೋಧಕ ಶಕ್ತಿ ತಗ್ಗಿಸುವ ಅಜಾಥಯೋಪ್ರಿನ್ ನಡೆದಿತ್ತು. ಬೈಕ್ ಸ್ಕಿಡ್ ಆಗಿ ಹ್ಯಾಂಡಲ್ ತುದಿ ಹೊಕ್ಕುಳ ಪಕ್ಕಕ್ಕೇ ಗುದ್ದಿತು. ಹೊರಗೆ ಎಂಟಾಣೆಯಷ್ಟಗಲ ಕಂದಿದ ಗುರುತು, ಅಷ್ಟೇ. ಒಂದು ಖಾಸಗಿ ದವಾಖಾನೆಗೆ ಒಯ್ದು, ಹೈದರಾಬಾದಿನ ಚಿಕಿತ್ಸೆಯ ಫೈಲು ಟೇಬಲ್ ಮೇಲಿಟ್ಟರೆ ಅದರ ದಾರ ಕೂಡ ಬಿಚ್ಚಲಿಲ್ಲ.

"ಹೊಟ್ಟಿ ಮೆತ್ತಗ ಅದ, ಜ್ವರ ಇಲ್ಲ. ಗ್ಯಾಸ್ ಅದರೀ."

ಸ್ಟೀರಾಯ್ಡ್ ಗುಳಿಗಿ ತಗೋತಾನ್ರೀ ಸರ್ ಅಂದರೆ, "ಅದಕ್ಕೂ ಇದಕ್ಕೂ ಏನ್ ಸಂಬಂಧ?"

ಸಂಬಂಧ ಇದೆ, ಇರುವುದೇ ಅಲ್ಲಿ! ಕರುಳು ತೂತಾದರೆ ಸಾಮಾನ್ಯವಾಗಿ ಹೊಟ್ಟೆ ಹಲಗೆಯಂತೆ ಬಿಗಿಯುತ್ತದೆ, ಜ್ವರ ಬರುತ್ತದೆ. ಸ್ಟೀರಾಯ್ಡ್ ಆ ಎರಡನ್ನೂ ಮುಚ್ಚಿಹಾಕಬಲ್ಲದು. ಹೊಟ್ಟೆ ಮೆತ್ತಗಿದೆ ಎಂಬುದು ಇಂಥವರಲ್ಲಿ ಸಮಾಧಾನದ ಮಾತೇ ಅಲ್ಲ. ಅದರ ಮೇಲೆ ಡೈಕ್ಲೊಫೆನಾಕ್ ಇಂಜೆಕ್ಷನ್ ಕೊಟ್ಟರು. ಆ ಜಾತಿಯ ನೋವಿನ ಔಷಧಿ ಕರುಳಿನ ಉರಿಯೂತವನ್ನೇ ಕೆರಳಿಸಬಹುದು ಎಂದು ಇವರಿಗೆ ನಾವು ಹೇಳಿಕೊಡಬೇಕೇ? ಸೋನೋಗ್ರಫಿ ಮಾಡಿ "ನಾರ್ಮಲ್ ಅದ, ಇನ್ನೇನ್ ಬೇಕ್ರೀ" ಅಂದರು. ಸೋನೋಗ್ರಫಿಯಲ್ಲಿ ರಕ್ತ, ನೀರು ತುಂಬಿದ್ದರೆ ಕಾಣುತ್ತದೆ. ಕರುಳಿನ ಸಣ್ಣ ತೂತು ತಪ್ಪಿಹೋಗಬಹುದು, ಮೊದಲ ಕೆಲವು ತಾಸು ಅಂತೂ ಹೆಚ್ಚು. ಕಾಂಟ್ರಾಸ್ಟ್ ಸಿಟಿ (ಔಷಧಿ ಕೊಟ್ಟು ತೆಗೆಯುವ ಸ್ಕ್ಯಾನ್) ಬರೆದುಕೊಡಿ ಅಂದಿದ್ದಕ್ಕೆ ಬಂದ ಉತ್ತರ: "ನೀವೇ ಡಾಕ್ಟರ್ ಆದ್ರ ನಮ್ಮ ಕಡೆ ಯಾಕ್ ಬಂದ್ರಿ?" ಎಲ್ಲರೆದುರು. ಹೊರಡುವಾಗ ಇನ್ನೊಂದು ಮಾತು, "ಆ ಸ್ಟೀರಾಯ್ಡ್ ಗುಳಿಗಿ ಇವತ್ತೇ ಬಿಡಸ್ರಿ."

ರಾತ್ರಿ ಹೊಟ್ಟೆ ಉಬ್ಬಿತು, ನಾಡಿ 120 ದಾಟಿತು, ಮೂತ್ರ ಕಡಿಮೆಯಾಯಿತು. ಜ್ವರ ಆಗಲೂ ಇಲ್ಲ. ಕಲಬುರಗಿಯಲ್ಲಿ ಸಿಟಿ ಮಾಡಿಸಿದಾಗ ಸಣ್ಣ ಕರುಳು ತೂತು, ಹೊಟ್ಟೆಯೊಳಗೆ ಗಾಳಿ. ಆಪರೇಷನ್ ಆಯಿತು, ಈಗ ಮಲ ಹೋಗಲು ಹೊಟ್ಟೆ ಮೇಲೆ ಚೀಲ.

ಜ್ವರಕ್ಕೆ ಕಾಯಬೇಡಿ. ನಾಡಿ ಏರುತ್ತಲೇ ಇದ್ದರೆ, ವಾಂತಿ, ಉಬ್ಬರ, ಭುಜದ ತುದಿಯಲ್ಲಿ ನೋವು ಬಂದರೆ 108ಕ್ಕೆ ಕರೆ ಮಾಡಿ, ಸರ್ಜನ್ ಮತ್ತು ಸಿಟಿ ಎರಡೂ ಇರುವಲ್ಲಿಗೇ ಹೋಗಿ. ಅಲ್ಲಿಯವರೆಗೆ ನೀರು, ಚಹಾ ಏನೂ ಬೇಡ. ಹೊಕ್ಕುಳ ಸರಿದಿದೆ ಅಂತ ಹೊಟ್ಟೆ ತಿಕ್ಕಿಸುವುದಂತೂ ಬೇಡವೇ ಬೇಡ, ಕಾಯಿಲೆಯ ಕರುಳು ಮೊದಲೇ ದುರ್ಬಲವಾಗಿರಬಹುದು. ಮಲದಲ್ಲಿ ರಕ್ತ ಕಂಡರೆ "ಹಳೇ ಕಾಯಿಲೆ" ಅಂತ ತಳ್ಳಿಹಾಕಲು ಬಿಡಬೇಡಿ. ಕೊಲೈಟಿಸ್ ಇದ್ದವರಲ್ಲಿ ದೊಡ್ಡ ಕರುಳು 6 ಸೆಂ.ಮೀ.ಗಿಂತ ಹಿಗ್ಗಿದೆಯೇ ಎಂದೂ ಕೇಳಿ, ಹಾಗಿದ್ದರೆ ಅದು ಅಪಾಯದ ಲಕ್ಷಣ.

ವಾರಗಟ್ಟಲೆ ತೆಗೆದುಕೊಂಡ ಸ್ಟೀರಾಯ್ಡನ್ನು ಒಮ್ಮೆಲೇ ಬಿಟ್ಟರೆ ಬಿಪಿ ಕುಸಿಯಬಹುದು. ನುಂಗಲಾಗದಿದ್ದರೆ ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಇಂಜೆಕ್ಷನ್ ಬೇಕಾಗುತ್ತದೆ, ಸಾಮಾನ್ಯವಾಗಿ ಮೊದಲ ಡೋಸು 100 ಮಿ.ಗ್ರಾಂ. ಪೆಟ್ಟು ಬಿದ್ದ ಸಮಯ, ಸ್ಟೀರಾಯ್ಡ್ ಡೋಸು, ನಾಡಿ, ಈ ಮೂರನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ. ನಮಗೆ ಕೊಟ್ಟ ಚೀಟಿಯಲ್ಲಿ ಇದ್ದದ್ದು "ಗ್ಯಾಸ್ಟ್ರೈಟಿಸ್" ಒಂದೇ, ಬೈಕಿನಿಂದ ಬಿದ್ದ ಮಾತೇ ಇಲ್ಲ.